ಕಾಫಿ ತೋಟದೊಳಗಿನ ಮನೆಗೆ ಫೈಬರ್: ಮರದ ಮೇಲೋ, ಮಣ್ಣಿನೊಳಗೋ?

ಪ್ರಶ್ನೆ: ನಾಪೋಕ್ಲು ಹತ್ತಿರ ತೋಟದೊಳಗೆ ನಮ್ಮ ಮನೆ. ಪಂಚಾಯಿತಿ ರಸ್ತೆಯ ಕಂಬದಲ್ಲಿರುವ ಫೈಬರ್ ಬಾಕ್ಸಿನಿಂದ ಮನೆಗೆ ಸುಮಾರು 280 ಮೀಟರ್. ಮೊದಲ 190 ಮೀಟರ್ ತೋಟದ ರಸ್ತೆ, ಆಮೇಲೆ 60 ಮೀಟರ್ ಗದ್ದೆ ಮತ್ತು ಸಣ್ಣ ತೋಡು, ಕೊನೆಗೆ 30 ಮೀಟರ್ ಏರು. ಈಗ ಕೇಬಲನ್ನು ಸಿಲ್ವರ್ ಓಕ್ ಮರಗಳಿಗೆ ಕಟ್ಟಿದ್ದಾರೆ. ಹೋದ ಮಳೆಗಾಲದಲ್ಲಿ ನಾಲ್ಕು ಸಲ ತುಂಡಾಯಿತು; ಒಮ್ಮೆ ಒಂಬತ್ತು ದಿನ ಸಂಪರ್ಕವೇ ಇರಲಿಲ್ಲ. ಮಗಳು ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾಳೆ. ತೋಡಿನಿಂದ ಗೇಟಿನ ಬಳಿಯ ಟ್ಯಾಂಕಿಗೆ ನೀರಿನ ಪೈಪು ಹಾಕಲು ಏಪ್ರಿಲ್ ಕೊನೆಗೆ ಜೆಸಿಬಿ ಬರುತ್ತದೆ. ಅದೇ ಟ್ರೆಂಚಿನಲ್ಲಿ ಫೈಬರ್ ಹಾಕಬಹುದೇ? ಆರ್ಮರ್ಡ್ (ಉಕ್ಕಿನ ಹಾಳೆ ಸುತ್ತಿದ) ಕೇಬಲಾದರೆ ಪೈಪು ಬೇಡ, ನೇರ ಹೂತರೆ ಸಾಕು ಎಂದು ಲೈನ್‌ಮನ್ ಹೇಳುತ್ತಾರೆ, ಸರಿಯೇ? ಸಿಡಿಲಿಗೆ ಯಾವುದು ಸುರಕ್ಷಿತ?

ಉತ್ತರ: ನಿಮ್ಮ ಜಾಗಕ್ಕೆ ಎರಡೂ ಬೇಕು. ರಸ್ತೆಯುದ್ದದ 190 ಮೀಟರ್ ನೆಲದಡಿ ಹೋಗಲಿ, ಆದರೆ ಪೈಪಿನೊಳಗೆ. ಗದ್ದೆ ಮತ್ತು ಏರಿನ 90 ಮೀಟರ್ ಕಂಬಗಳ ಮೇಲೆ ಹೋಗಲಿ. ಮರಕ್ಕೆ ಕಟ್ಟುವುದನ್ನು ಪೂರ್ತಿ ಬಿಡಿ.

ಯಾವುದು ಅಗ್ಗ ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಜನವರಿಯ ಬಿಸಿಲಲ್ಲಿ ನಿಂತು ಹಾಕುತ್ತೇವೆ. ಕೊಡಗಿನಲ್ಲಿ ಹಾಕಬೇಕಾದ ಲೆಕ್ಕ ಬೇರೆ. ಜುಲೈ, ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಕೇಬಲ್ ಹೋದರೆ ಎಷ್ಟು ಜನ, ಎಷ್ಟು ಹೊತ್ತಿನಲ್ಲಿ, ಯಾವ ಸಾಮಾನಿನಿಂದ ಸರಿಮಾಡಬಹುದು? ಮೇಲೆ ಎಳೆದ ಕೇಬಲ್ ಪದೇ ಪದೇ ತುಂಡಾಗುತ್ತದೆ, ಆದರೆ ತುಂಡಾದ ಜಾಗ ಕಣ್ಣಿಗೆ ಕಾಣುತ್ತದೆ. ನೇರ ಹೂತ ಕೇಬಲ್ ಅಪರೂಪಕ್ಕೆ ಹೋಗುತ್ತದೆ, ಹೋದರೆ ಮಾತ್ರ, ಎಳೆಯೊಳಗೆ ಬೆಳಕು ಬಿಟ್ಟು ತುಂಡಾದ ದೂರ ಅಳೆಯುವ ಓಟಿಡಿಆರ್ ಯಂತ್ರ ತರದೆ ಜಾಗ ತಿಳಿಯದು. ತಿಳಿದರೂ ಜುಲೈಯಲ್ಲಿ ಆ ಕೆಸರನ್ನು ಅಗೆಯುವವರು ಸಿಗರು. ಪೈಪಿನೊಳಗಿನ ಕೇಬಲ್ ಹೋದರೆ ಹಳೆಯದನ್ನು ಎಳೆದು ತೆಗೆದು, ಅದೇ ದಾರಿಯಲ್ಲಿ ಹೊಸದನ್ನು ಎಳೆಯುತ್ತೀರಿ. ಒಂದು ಗುದ್ದಲಿ ಮಣ್ಣನ್ನೂ ಎತ್ತಬೇಕಿಲ್ಲ. ಪೈಪಿಗೆ ಕೊಡುವ ದುಡ್ಡು ಈ ಅನುಕೂಲಕ್ಕೇ.

ಮರಕ್ಕೆ ಕಟ್ಟಿದ್ದು ಏಕೆ ಉಳಿಯುವುದಿಲ್ಲ

ಫೈಬರಿನ ಗಾಜಿನ ಎಳೆ 0.125 ಮಿಲಿಮೀಟರ್ ದಪ್ಪ. ಎಳೆತವನ್ನು ಅದು ತಾಳುವುದಲ್ಲ. ಪಕ್ಕದಲ್ಲಿರುವ ಉಕ್ಕಿನ ತಂತಿಯೋ, ಎಫ್‌ಆರ್‌ಪಿ (ಗಾಜಿನ ನಾರು ಸೇರಿದ ಪ್ಲಾಸ್ಟಿಕ್) ಕಡ್ಡಿಯೋ ತಾಳುತ್ತದೆ. ಮನೆಗೆ ಎಳೆಯುವ ಸಾಮಾನ್ಯ ಚಪ್ಪಟೆ ಡ್ರಾಪ್ ಕೇಬಲಿಗೆ ತಯಾರಕರು ಬರೆಯುವ ಮಿತಿ, ಎಳೆಯುವ ಆ ಹೊತ್ತಿಗೆ ಸುಮಾರು 60 ಕಿಲೋ, ಕಾಯಂ ಆಗಿ ಸುಮಾರು 30 ಕಿಲೋ. ಈಗ ನಿಮ್ಮ ಗದ್ದೆಯ 60 ಮೀಟರನ್ನೇ ತೆಗೆದುಕೊಳ್ಳಿ. ಈ ಕೇಬಲ್ ಮೀಟರಿಗೆ ಸುಮಾರು 20 ಗ್ರಾಂ ತೂಗುತ್ತದೆ. ನಡುವೆ 60 ಸೆಂಟಿಮೀಟರ್ ಜೋಲು ಬಿಟ್ಟರೆ ತುದಿಗಳ ಮೇಲೆ ಬೀಳುವ ಎಳೆತ 15 ಕಿಲೋ. ಜೋಲು 30 ಸೆಂಟಿಮೀಟರಿಗೆ ಇಳಿದರೆ 30 ಕಿಲೋ. ನೋಡಲು ನೆಟ್ಟಗಿರಲಿ ಎಂದು 15 ಸೆಂಟಿಮೀಟರಿಗೆ ಬಿಗಿದರೆ 60 ಕಿಲೋ. ಗಾಳಿಯಿಲ್ಲದೆ, ಕೊಂಬೆ ಬೀಳದೆ, ಬರಿಯ ತನ್ನ ತೂಕಕ್ಕೇ ಅದು ಮಿತಿಯ ತುದಿಗೆ ಬಂದು ನಿಂತಿರುತ್ತದೆ. ತಂತಿ ಬಿಗಿದಂತೆ ಕಾಣುವ ಕೇಬಲ್ ಒಳ್ಳೆಯ ಕೆಲಸದ ಗುರುತು ಎಂಬ ನಂಬಿಕೆಯಿಂದ ಎಷ್ಟು ಮನೆಗಳ ಸಂಪರ್ಕ ಹೋಗಿದೆಯೋ! ನೂರು ಮೀಟರಿಗೆ ಒಂದು ಮೀಟರ್ ಜೋಲು ಬಿಡಿ, ಅದೇ ಸರಿಯಾದ ಅಳತೆ.

ಮರಕ್ಕೆ ಕಟ್ಟಿದಾಗ ಈ ಜೋಲು ನಿಮ್ಮ ಕೈಯಲ್ಲಿ ಉಳಿಯುವುದೇ ಇಲ್ಲ. ಗಾಳಿಗೆ ಎರಡು ಸಿಲ್ವರ್ ಓಕ್‌ಗಳು ಒಂದೇ ತಾಳಕ್ಕೆ ತೂಗುವುದಿಲ್ಲ. ಒಂದು ಈ ಕಡೆ ಬಾಗಿದಾಗ ಇನ್ನೊಂದು ಆ ಕಡೆ ಬಾಗುತ್ತದೆ. ನೀವು ಬಿಟ್ಟ ಅರ್ಧ ಮೀಟರ್ ಜೋಲು ಅಷ್ಟರಲ್ಲೇ ಮುಗಿಯುತ್ತದೆ. ಬೆಳೆಯುವ ಮರ ಕಟ್ಟಿದ ತಂತಿಯನ್ನು ತೊಗಟೆಯೊಳಗೆ ನುಂಗುತ್ತದೆ, ಅಲ್ಲಿ ಕೇಬಲ್ ಹಿಸುಕಿಕೊಂಡು ಬೆಳಕು ಸೋರುತ್ತದೆ. ಮಳೆಗೆ ಮುಂಚಿನ ಮರ ಕಪಾತಿನಲ್ಲಿ ಕಡಿದ ಕೊಂಬೆ ನೇರ ಕೇಬಲ್ ಮೇಲೆ ಬೀಳುತ್ತದೆ. ಕರಿಮೆಣಸು ಕೊಯ್ಲಿನಲ್ಲಿ ಏಣಿ ಒರಗಿಸುವವರಿಗೆ ಆ ಕರಿ ದಾರ ಕಾಣುವುದಿಲ್ಲ, ಕಂಡರೂ ಸರಿಸಿಯೇ ಹತ್ತಬೇಕು. ಮಂಗಗಳು ಜೋತಾಡುತ್ತವೆ, ಅಳಿಲು ಕಡಿಯುತ್ತದೆ. ತೋಟ ನಡೆಯಬೇಕಾದರೆ ಮರದ ಮೇಲೆ ಕೆಲಸ ನಡೆಯಲೇಬೇಕು. ಕೇಬಲನ್ನು ಅಲ್ಲಿಂದ ತೆಗೆಯುವುದೇ ನ್ಯಾಯ.

ಹಾಗೆಂದು ಮೇಲಿನ ದಾರಿ ಕೆಟ್ಟದ್ದೆಂದು ಎಣಿಸಬೇಡಿ. ರಸ್ತೆ ಬದಿಯ ಮನೆ, ನಡುವೆ ಮರವಿಲ್ಲ, 40 ಮೀಟರಿನ ಒಂದೇ ಎಳೆ, ಎರಡೂ ಕಡೆ ಗಟ್ಟಿ ಆಧಾರ. ಅಲ್ಲಿ ನೆಲ ಅಗೆಯುವುದು ದುಡ್ಡು ದಂಡ.

ನೀರಿನ ಪೈಪಿನ ಟ್ರೆಂಚಿನಲ್ಲೇ ಹಾಕಬಹುದು, ಆದರೆ ಹೀಗೆ

ಜೆಸಿಬಿಯವರಿಗೆ ಒಂದು ಅಡಿ ಅಗಲದ ಸಣ್ಣ ಬಕೆಟ್ ತರಲು ಮೊದಲೇ ಹೇಳಿ. 190 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಆಳಕ್ಕೆ ಸುಮಾರು 46 ಘನ ಮೀಟರ್ ಮಣ್ಣು ಬರುತ್ತದೆ. ಎರಡು ಅಡಿಯ ಬಕೆಟಾದರೆ ಅದರ ಇಮ್ಮಡಿ. ಅಷ್ಟು ಸಡಿಲ ಮಣ್ಣನ್ನು ಮಳೆಗೆ ಮೊದಲು ಸರಿಯಾಗಿ ತುಂಬಿ ಗಟ್ಟಿಮಾಡುವುದು ಕಷ್ಟ. ಕೈಯಲ್ಲೇ ಅಗೆಸುವುದಾದರೆ ಒಬ್ಬ ಆಳಿಗೆ ದಿನಕ್ಕೆ ಸುಮಾರು ಎರಡು ಘನ ಮೀಟರ್ ಎಂದು ಇಟ್ಟುಕೊಳ್ಳಿ.

ಟ್ರೆಂಚು ರಸ್ತೆಯ ಯಾವ ಬದಿಗೆ ಎಂಬುದು ಮುಖ್ಯ. ಗುಡ್ಡ ಕಡಿದು ಮಾಡಿದ ತೋಟದ ರಸ್ತೆಯ ಹೊರಬದಿ ತುಂಬಿಸಿದ ಮಣ್ಣು, ಕುಸಿಯುವುದು ಅದೇ. ಒಳಬದಿಯಲ್ಲಿ ಚರಂಡಿ ಇರುತ್ತದೆ, ಅದನ್ನು ಪ್ರತಿ ವರ್ಷ ಕೆರೆಯುತ್ತೀರಿ. ಆದ್ದರಿಂದ ಒಳಬದಿಯಲ್ಲೇ, ಚರಂಡಿಯಿಂದ ಅರ್ಧ ಮೀಟರ್ ರಸ್ತೆಯ ಕಡೆಗೆ ಸರಿದು ತೋಡಿಸಿ. ಕಾಫಿ ಸಾಲಿನೊಳಗೆ ಹೋಗಬೇಡಿ. ಕಾಫಿಯ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತವೆ. ಜತೆಗೆ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಯುವಾಗಲೋ ಹೊಸ ಗಿಡ ನೆಡುವಾಗಲೋ ಗುದ್ದಲಿ ಪೈಪಿಗೆ ಬಡಿಯದೆ ಇರದು.

ಒಂದೇ ಟ್ರೆಂಚಿನಲ್ಲಿ ಎರಡು ಪೈಪು ಹೋಗುವಾಗ ಫೈಬರಿನದು ಕೆಳಗೆ, ನೀರಿನದು ಮೇಲೆ. ಪದೇ ಪದೇ ಅಗೆಯಬೇಕಾಗಿ ಬರುವುದು ನೀರಿನ ಪೈಪನ್ನೇ; ಜಾಯಿಂಟ್ ಬಿಡುತ್ತದೆ, ಸೋರುತ್ತದೆ. ಅದನ್ನು ತಲುಪಲು ಫೈಬರನ್ನು ದಾಟುವಂತಿರಬಾರದು. ಫೈಬರಿನ ಪೈಪು 75 ರಿಂದ 80 ಸೆಂಟಿಮೀಟರ್ ಆಳದಲ್ಲಿ, ಗುಡ್ಡದ ಕಡೆಯ ಗೋಡೆಗೆ ಒತ್ತಿ. ನೀರಿನದು 45 ಸೆಂಟಿಮೀಟರಿನಲ್ಲಿ, ಇನ್ನೊಂದು ಗೋಡೆಗೆ. ನಡುವೆ ಹಾಸುವ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿಯನ್ನು ಮರೆಯಬೇಡಿ. ಲಾರಿ, ಪಿಕಪ್ ಹಾಯುವ ಗೇಟಿನ ಬಳಿ ಫೈಬರಿನ ಪೈಪನ್ನು 90 ಸೆಂಟಿಮೀಟರಿಗೆ ಇಳಿಸಿ. ದೂರಸಂಪರ್ಕ ಇಲಾಖೆಯ ಮುಖ್ಯ ಕೇಬಲ್‌ಗಳು 165 ಸೆಂಟಿಮೀಟರ್ ಆಳದಲ್ಲಿ ಹೋಗುತ್ತವೆ, ಅದು ಸಾರ್ವಜನಿಕ ರಸ್ತೆಯ ಲೆಕ್ಕ. ನಿಮ್ಮ ಸ್ವಂತ ತೋಟಕ್ಕೆ ಅಷ್ಟು ಬೇಕಿಲ್ಲ.

ಪೈಪು 32 ಮಿಲಿಮೀಟರಿನ ಎಚ್‌ಡಿಪಿಇ ಆಗಲಿ. ಫೈಬರಿಗೆಂದೇ ಒಳಗೆ ಜಾರು ಪದರವಿರುವ ಪಿಎಲ್‌ಬಿ ಪೈಪು ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಸ್ಪ್ರಿಂಕ್ಲರಿಗೆ ಬಳಸುವ ಕಪ್ಪು ಪೈಪೇ ಸಾಕು, 6 ಕೆ.ಜಿ. ಒತ್ತಡದ್ದು. ಕಪ್ಪು ಪೈಪಿನಲ್ಲಿ ಒಂದು ಅಪಾಯವಿದೆ: ಮುಂದೊಂದು ದಿನ ನೀರಿನ ಕೆಲಸದವರು ಅದನ್ನೇ ನೀರಿನ ಪೈಪೆಂದು ತಿಳಿದು ಗರಗಸ ಹಾಕುತ್ತಾರೆ. ಎರಡೆರಡು ಮೀಟರಿಗೆ ಕಿತ್ತಳೆ ಬಣ್ಣದ ಟೇಪು ಸುತ್ತಿ. ವಿದ್ಯುತ್ ವೈರಿಂಗಿನ ಬಿಳಿ ಪಿವಿಸಿ ಪೈಪು ಬೇಡವೇ ಬೇಡ. ಮೂರು ಮೀಟರಿಗೊಂದು ಜಾಯಿಂಟ್, ಮಣ್ಣು ಕೂತಾಗ ಅವು ಬಿಟ್ಟುಕೊಂಡು ಒಳಗೆ ಕೆಸರು ಸೇರಿ ಗಟ್ಟಿಯಾಗುತ್ತದೆ, ಮುಂದೆ ಕೇಬಲ್ ಅಲುಗುವುದಿಲ್ಲ. ಎಲ್ಲಿಯೂ 90 ಡಿಗ್ರಿಯ ಎಲ್ಬೋ ಹಾಕಿಸಬೇಡಿ. ತಿರುವುಗಳಲ್ಲಿ ಪೈಪನ್ನೇ ಅಗಲವಾಗಿ, ಕನಿಷ್ಠ 60 ಸೆಂಟಿಮೀಟರ್ ತ್ರಿಜ್ಯದಲ್ಲಿ ಬಳುಕಿಸಿ.

ಪೈಪಿನ ಸುರುಳಿ ಬಿಚ್ಚಿ ನೆಲದ ಮೇಲೆ ಮಲಗಿಸಿದಾಗಲೇ ಒಳಗೆ 4 ರಿಂದ 6 ಮಿಲಿಮೀಟರಿನ ನೈಲಾನ್ ಹಗ್ಗ ಸೇರಿಸಿಬಿಡಿ. ದಾರಕ್ಕೆ ಸಣ್ಣ ಪ್ಲಾಸ್ಟಿಕ್ ಚೀಲದ ತುಂಡು ಕಟ್ಟಿ ಒಂದು ತುದಿಯಿಂದ ಬಿಟ್ಟು, ಇನ್ನೊಂದು ತುದಿಯಿಂದ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದರೆ ದಾರ ಬರುತ್ತದೆ, ದಾರದಿಂದ ಹಗ್ಗ. ಮಣ್ಣು ಮುಚ್ಚುವ ಮೊದಲು 20 ಮಿಲಿಮೀಟರಿನ ಮರದ ಗುಂಡೊಂದನ್ನು ಹಗ್ಗಕ್ಕೆ ಕಟ್ಟಿ ಪೂರ್ತಿ ಎಳೆದು ನೋಡಿ. ಎಲ್ಲಿ ನಿಂತಿತೋ ಅಲ್ಲಿ ಪೈಪು ಮಡಚಿದೆ ಎಂದರ್ಥ. ಟ್ರೆಂಚು ತೆರೆದಿರುವಾಗ ಅದು ಐದು ನಿಮಿಷದ ಕೆಲಸ, ಮುಚ್ಚಿದ ಮೇಲೆ ಒಂದು ದಿನದ್ದು.

ಒಂದೂವರೆ ಅಡಿ ಚೌಕದ ಮೂರು ಚೇಂಬರ್ ಕಟ್ಟಿಸಿ: ಪಂಚಾಯಿತಿ ರಸ್ತೆಯ ಕಡೆ ನಿಮ್ಮ ಗಡಿಯೊಳಗೆ ಒಂದು, ಸುಮಾರು 95 ಮೀಟರಿನಲ್ಲಿ ಒಂದು, ಗದ್ದೆಯ ಅಂಚಿನ ಕಂಬದ ಬುಡದಲ್ಲಿ ಒಂದು. ತಳಕ್ಕೆ ಸಿಮೆಂಟ್ ಹಾಕಬೇಡಿ. ಆರು ಇಂಚು ಜಲ್ಲಿ ಹಾಕಿ, ನೀರು ಇಂಗಲಿ. ಚೇಂಬರಿನೊಳಗೆ ಜಾಯಿಂಟ್ ಇಡಬೇಡಿ, ಬರೀ ಐದು ಮೀಟರ್ ಹೆಚ್ಚುವರಿ ಕೇಬಲಿನ ಸುರುಳಿ ಇರಲಿ. ಮಳೆಗಾಲದಲ್ಲಿ ಚೇಂಬರಿನಲ್ಲಿ ನೀರು ನಿಂತೇ ನಿಲ್ಲುತ್ತದೆ. ಕೇಬಲಿಗೆ ಅದರಿಂದ ತೊಂದರೆಯಿಲ್ಲ, ಜಾಯಿಂಟಿಗೆ ಇದೆ.

ಪೈಪಿನ ಎರಡೂ ಬಾಯಿ ಮುಚ್ಚಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಸ್ತೆ ಮೇಲೆ, ಮನೆ ಕೆಳಗೆ ಇರುವ ಕಡೆಗಳಲ್ಲಿ ಆ ಪೈಪು ಮಳೆಗಾಲದಲ್ಲಿ ನೀರಿನ ಪೈಪೇ ಆಗಿಬಿಡುತ್ತದೆ. ಗುಡ್ಡದ ನೀರು ಮೇಲಿನ ಚೇಂಬರಿನಲ್ಲಿ ಒಳಹೊಕ್ಕು, ಸೀದಾ ಮನೆಯ ಹಜಾರದ ಗೋಡೆಯ ಬಾಕ್ಸಿನಿಂದ ಹೊರಬರುತ್ತದೆ. ಕೇಬಲ್ ಸುತ್ತ ಡಕ್ಟ್ ಸೀಲ್ ಅಂಟನ್ನು ಎರಡು ಇಂಚು ಆಳಕ್ಕೆ ಒತ್ತಿ. ಇಲಿ, ಇರುವೆಗೂ ಅದೇ ತಡೆ.

ಆರ್ಮರ್ಡ್ ಕೇಬಲಿನ ಮಾತು

ಲೈನ್‌ಮನ್ ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಸುಕ್ಕುಗಟ್ಟಿದ ಉಕ್ಕಿನ ಹಾಳೆ ಸುತ್ತಿದ ಕೇಬಲನ್ನು ನೇರ ಹೂಳಬಹುದು; ಹೆಗ್ಗಣದ ಹಲ್ಲು ಅದಕ್ಕೆ ನಾಟುವುದಿಲ್ಲ. ಆದರೆ ಗುದ್ದಲಿಯ ಏಟು, ಹಾರೆಯ ಮೊನೆ, ಜೆಸಿಬಿಯ ಹಲ್ಲನ್ನು ಅದು ತಡೆಯದು. ಕಲ್ಲಿನ ಮೇಲೆ ಕೂತ ಕೇಬಲ್ ಮೇಲೆ ಲಾರಿ ಹೋದರೆ ಹಾಳೆಯೇ ಒಳಗೆ ತಗ್ಗಿ ಎಳೆಯನ್ನು ಒತ್ತುತ್ತದೆ. ಮುಖ್ಯವಾಗಿ, ಆ ಉಕ್ಕು ವಿದ್ಯುತ್ ಹರಿಸುತ್ತದೆ.

ಸಿಡಿಲಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ಹರಿಯುವುದು ಅದರ ಜತೆಗಿರುವ ಲೋಹದಲ್ಲಿ: ಆರ್ಮರಿನ ಹಾಳೆಯಲ್ಲಿ, ಡ್ರಾಪ್ ಕೇಬಲಿನ ಉಕ್ಕಿನ ತಂತಿಯಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದ ಮರಕ್ಕೆ ಬಡಿದ ಸಿಡಿಲು ಈ ಲೋಹ ಹಿಡಿದು ಮನೆಯೊಳಗೆ ಬರಬಹುದು. ನೆಲದಡಿ ಹೂತರೆ ಸಿಡಿಲಿಲ್ಲ ಎಂಬ ಮಾತು ಲೋಹವಿರುವ ಕೇಬಲಿಗೆ ಸಲ್ಲದು. ಅದಕ್ಕಾಗಿ ನಿಮಗೆ ನನ್ನ ಸಲಹೆ, ಎಲ್ಲೂ ಲೋಹವಿಲ್ಲದ ಕೇಬಲ್. ಪೈಪಿನೊಳಗೆ ಗಾಜಿನ ನೂಲು ಸುತ್ತಿದ 4 ಕೋರ್ (ನಾಲ್ಕು ಎಳೆಯ) ದುಂಡು ಕೇಬಲ್. ಮೇಲೆ ಎಫ್‌ಆರ್‌ಪಿ ಕಡ್ಡಿಯ 2 ಕೋರ್ ಡ್ರಾಪ್. ನಿಮ್ಮ ಊರಿನಲ್ಲಿ ಉಕ್ಕಿನ ತಂತಿಯದೇ ಸಿಕ್ಕಿದರೆ, ಆ ತಂತಿಯನ್ನು ಮನೆಯ ಹೊರಗೋಡೆಯ ಕೊಕ್ಕೆಯಲ್ಲೇ ಮುಗಿಸಿ, ಸೀಳಿ ಬೇರೆ ಮಾಡಿ, ಫೈಬರಿನ ಭಾಗ ಮಾತ್ರ ಒಳಗೆ ಬರಲಿ.

ಉಕ್ಕಿನ ತಂತಿಯ ಕೇಬಲ್ ಕರೆಂಟಿನ ತಂತಿಯ ಹತ್ತಿರ ಹಾಯುವಂತಿದ್ದರೆ ಅದು ಸಿಡಿಲಿಗಿಂತ ದೊಡ್ಡ ಅಪಾಯ. ಗಾಳಿಗೆ ಎರಡೂ ತಾಗಿದರೆ ನಿಮ್ಮ ಕೇಬಲೇ ಕರೆಂಟಿನ ತಂತಿಯಾಗುತ್ತದೆ, ಕೆಳಗೆ ಬಿದ್ದದ್ದನ್ನು ಎತ್ತಲು ಹೋದವರ ಜೀವ ಹೋಗುತ್ತದೆ. ತೋಟದೊಳಗೆ ಬಿದ್ದ ಯಾವ ಕಪ್ಪು ಕೇಬಲನ್ನೂ, ಅದು ಎಲ್ಲಿಗೆ ತಾಗಿದೆ ಎಂದು ಎರಡೂ ತುದಿ ನೋಡದೆ ಮುಟ್ಟಬಾರದೆಂದು ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳಿಗೂ ಹೇಳಿಕೊಡಿ. ಸೆಸ್ಕ್‌ನ (ವಿದ್ಯುತ್ ಕಂಪನಿಯ) ಕಂಬಕ್ಕೆ ನೀವಾಗಿ ಏನನ್ನೂ ಕಟ್ಟಬೇಡಿ. ಅನುಮತಿ ಪಡೆದು ಕಟ್ಟುವುದು ಸೇವೆ ಕೊಡುವವರ ಕೆಲಸ.

ಗದ್ದೆಯ ಮೇಲೆ, ಏರಿನ ಮೇಲೆ

ಗದ್ದೆಯನ್ನು ಅಗೆಯುವುದರಲ್ಲಿ ಅರ್ಥವಿಲ್ಲ. ಉಳುಮೆ, ನಿಂತ ನೀರು, ತೋಡಿನ ಕೊರೆತ ಎಲ್ಲವೂ ಪೈಪಿಗೆ ವಿರೋಧ. ಏರಿನ 30 ಮೀಟರಿಗೆ ಕಾರಣ ಬೇರೆ. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇರ ತೋಡಿದ ಟ್ರೆಂಚು ಮಳೆನೀರನ್ನು ಬರೆಯ, ಎಂದರೆ ಗುಡ್ಡದ ಕಡಿದಾದ ಅಂಚಿನ, ಒಳಕ್ಕೆ ಕರೆದೊಯ್ಯುವ ಕಾಲುವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿದ್ದನ್ನು ಕಂಡ ಜಿಲ್ಲೆ ನಮ್ಮದು. ಮನೆಯ ಕೆಳಗಿನ ಬರೆಯನ್ನು ಒಂದು ಇಂಟರ್‌ನೆಟ್ ಕೇಬಲಿಗಾಗಿ ಸೀಳಬಾರದು.

ಎರಡು ಕಂಬ ಸಾಕು. ಗದ್ದೆಯ ಈಚೆ ಅಂಚಿನಲ್ಲಿ ಒಂದು, ಆಚೆ ಏರಿನ ಬುಡದಲ್ಲಿ ಇನ್ನೊಂದು. ಅಲ್ಲಿಂದ ಮನೆಯ ಸೂರಿನ ಕೆಳಗಿನ ಗೋಡೆಗೆ. ಮೂರು ಇಂಚಿನ ಜಿಐ ಪೈಪು, ಏಳೂವರೆ ಮೀಟರ್ ಉದ್ದ. ಅದರಲ್ಲಿ ಆರನೇ ಒಂದು ಪಾಲು, ಎಂದರೆ 1.25 ಮೀಟರ್, ಕಾಂಕ್ರೀಟಿನೊಳಗೆ. ನೆಲದ ಮೇಲೆ 6.25 ಮೀಟರ್ ಉಳಿಯುತ್ತದೆ, 60 ಸೆಂಟಿಮೀಟರ್ ಜೋಲು ಕಳೆದರೂ ಗದ್ದೆಯ ನಡುವೆ ಐದೂವರೆ ಮೀಟರಿಗಿಂತ ಹೆಚ್ಚು ಎತ್ತರ. ಕಟಾವು ಯಂತ್ರ ಬಂದರೂ ತಗಲುವುದಿಲ್ಲ. ಮೊದಲ ಕಂಬಕ್ಕೆ ಎಳೆತದ ಎದುರು ದಿಕ್ಕಿನಲ್ಲಿ ಸ್ಟೇ ತಂತಿ ಕೊಡಿ, ಇಲ್ಲದಿದ್ದರೆ ಗದ್ದೆ ಬದಿಯ ಮೆತ್ತನೆ ಮಣ್ಣಿನಲ್ಲಿ ಎರಡನೇ ವರ್ಷಕ್ಕೇ ಅದು ಗದ್ದೆಯ ಕಡೆ ವಾಲುತ್ತದೆ, ಜೋಲು ಇಮ್ಮಡಿಯಾಗುತ್ತದೆ. ಆನೆ ಗದ್ದೆಗೆ ಇಳಿಯುವ ದಾರಿ ನಿಮಗೆ ಗೊತ್ತಿರುತ್ತದೆ. ಕಂಬವನ್ನು ಅಲ್ಲಿಂದ ದೂರ ಇಡಿ.

ಪ್ರತಿ ಕಂಬದಲ್ಲೂ ಡ್ರಾಪ್ ಕ್ಲ್ಯಾಂಪ್ ಬೇಕು, ಎರಡೂ ಬದಿಗೆ ಒಂದೊಂದು. ಬೈಂಡಿಂಗ್ ತಂತಿಯಲ್ಲಿ ಬಿಗಿದು ಕಟ್ಟುವುದು ಕೇಬಲಿನ ಕುತ್ತಿಗೆ ಹಿಸುಕಿದಂತೆ. ಎರಡು ಕ್ಲ್ಯಾಂಪುಗಳ ನಡುವೆ ಕೇಬಲ್ ಸಡಿಲವಾಗಿ ಕೆಳಗಿಳಿದು ಮೇಲೇರಲಿ. ಮೊದಲ ಕಂಬದಲ್ಲಿ 10 ಮೀಟರ್ ಹೆಚ್ಚುವರಿ ಕೇಬಲನ್ನು ಒಂದಡಿಗಿಂತ ದೊಡ್ಡ ಸುರುಳಿಯಾಗಿ ಇಡಿ. ಕಂಬದ ಬುಡದಿಂದ ಎರಡು ಮೀಟರ್ ಎತ್ತರದವರೆಗೆ ಕೇಬಲ್ ಜಿಐ ಪೈಪಿನೊಳಗೆ ಇರಲೇಬೇಕು. ಅದು ಆನೆಗಲ್ಲ, ಕಳೆ ಕೊಚ್ಚುವ ಯಂತ್ರಕ್ಕೆ. ಹುಲ್ಲಿನೊಳಗೆ ಮರೆಯಾದ ಕೇಬಲನ್ನು ಆ ಬ್ಲೇಡು ಕ್ಷಣದಲ್ಲಿ ಕತ್ತರಿಸುತ್ತದೆ, ಯಂತ್ರ ಹಿಡಿದವರಿಗೆ ಗೊತ್ತೂ ಆಗುವುದಿಲ್ಲ.

ನೆಲದ ಕೇಬಲ್ ಮತ್ತು ಮೇಲಿನ ಕೇಬಲಿನ ಜಾಯಿಂಟ್ ಮೊದಲ ಕಂಬದಲ್ಲಿ, ಎದೆಯ ಮಟ್ಟಕ್ಕಿಂತ ಮೇಲೆ, ರಬ್ಬರ್ ಸೀಲ್ ಇರುವ ಬಾಕ್ಸಿನಲ್ಲಿ ಆಗಲಿ. ಕೇಬಲುಗಳು ಬಾಕ್ಸಿಗೆ ಕೆಳಗಿನಿಂದಲೇ ಒಳಹೋಗಬೇಕು. 280 ಮೀಟರಿಗೂ ಒಂದೇ ಕೇಬಲ್ ಎಳೆಯಬಹುದಲ್ಲ ಎಂದು ಕೇಳಬಹುದು. ಎಳೆಯಬಹುದು. ಆದರೆ ಮುಂದೆ ತುಂಡಾಗುವುದಿದ್ದರೆ ಅದು ಮೇಲಿನ 90 ಮೀಟರೇ. ಜಾಯಿಂಟ್ ಇದ್ದರೆ ಅಷ್ಟನ್ನೇ ಬದಲಿಸಿದರಾಯಿತು. ಎರಡು ಎಳೆಗಳ ತುದಿ ಕರಗಿಸಿ ಬೆಸೆಯುವ ಫ್ಯೂಷನ್ ಸ್ಪ್ಲೈಸ್‌ನಿಂದ ಆಗುವ ಬೆಳಕಿನ ನಷ್ಟ 0.1 ಡಿಬಿ (ಡೆಸಿಬೆಲ್) ಒಳಗೆ, ಲೆಕ್ಕಕ್ಕೇ ಬಾರದು.

ಕೇಬಲ್ ಎಳೆಯುವಾಗ, ಜೋಡಿಸುವಾಗ

ನೆಲದ ಕೇಬಲ್ 240 ಮೀಟರ್, ಮೇಲಿನದು 130 ಮೀಟರ್ ತರಿಸಿ. ಹಗ್ಗವನ್ನು ಕಟ್ಟಬೇಕಾದದ್ದು ಕೇಬಲಿನ ಒಳಗಿನ ನೂಲಿಗೆ, ಹೊರಸಿಪ್ಪೆಗಲ್ಲ. ಜಾರಲು ಸಾಬೂನು ನೀರು ಸಾಕು. ಗ್ರೀಸ್, ಎಣ್ಣೆ ಮುಟ್ಟಿಸಬೇಡಿ, ಅವು ಕಾಲಕ್ರಮದಲ್ಲಿ ಸಿಪ್ಪೆ ಕೆಡಿಸುತ್ತವೆ. ಒಂದು ಕಡೆ ಒಬ್ಬರು ಉಣಿಸುತ್ತ, ಇನ್ನೊಂದು ಕಡೆ ಒಬ್ಬರು ಕೈಯಲ್ಲಿ ಎಳೆಯುತ್ತ, ಚೇಂಬರಿನಿಂದ ಚೇಂಬರಿಗೆ ಹೋಗಲಿ. ಜೀಪಿಗೆ ಕಟ್ಟಿ ಎಳೆಯುವುದು ಖಂಡಿತ ಬೇಡ. ಕೇಬಲಿನ ಜತೆಗೇ ಹೊಸ ಹಗ್ಗವೊಂದನ್ನೂ ಒಳಗೆ ಎಳೆದು ಬಿಡಿ. ಮುಂದಿನ ಸಲಕ್ಕೆ ಅದೇ ದಾರಿ. ಈ ಹಗ್ಗ ಬಿಡಲು ಮರೆತ ಪೈಪು ಅರ್ಧ ಪೈಪು.

ಮನೆಯೊಳಗೆ ಗೋಡೆಯ ಬಾಕ್ಸಿನಲ್ಲಿ ಫ್ಯೂಷನ್ ಸ್ಪ್ಲೈಸ್ ಮಾಡಿಸಿ, ಹಸಿರು ಬಣ್ಣದ ಎಪಿಸಿ ಪಿಗ್‌ಟೇಲ್ (ಒಂದು ತುದಿಯಲ್ಲಿ ಕನೆಕ್ಟರ್ ಇರುವ ತುಂಡು ಕೇಬಲ್) ಹಾಕಿಸಿ. ಕೈಯಲ್ಲೇ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್ ಎರಡು ನಿಮಿಷದ ಕೆಲಸ, ಸರಿ. ಅದರೊಳಗೆ ಎರಡು ಗಾಜಿನ ತುದಿಗಳ ನಡುವೆ ಇರುವುದು ಒಂದು ಹನಿ ಜೆಲ್. ನಮ್ಮ ತೇವಕ್ಕೆ, ಧೂಳಿಗೆ ಅದು ಬೇಗ ಕೆಡುತ್ತದೆ. ಹಸಿರು ಕನೆಕ್ಟರನ್ನು ನೀಲಿ ಸಾಕೆಟಿಗೆ ತುರುಕಬಾರದು. ಹಸಿರಿನ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ಎರಡೂ ಕೂಡುವುದಿಲ್ಲ, ಬೆಳಕು ಸೋರಿ ಹೋಗುತ್ತದೆ. ಗೋಡೆಯ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಲಿ. ತೂತಿಗೆ ಮುಂಚೆ ಕೇಬಲ್ ಒಂದು ಗೇಣು ಕೆಳಗೆ ಜೋತು ಮೇಲೇರಲಿ. ಕೇಬಲ್ ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಒಳಗೆ ಬಾಗಿಲ ಮೂಲೆಗಳಲ್ಲಿ ಕೇಬಲನ್ನು ಮಡಚಬೇಡಿ. ಮನೆಯೊಳಗಿನ ಡ್ರಾಪ್‌ಗೆ ಜಿ.657ಎ2 ಎಂಬ ಗುರುತಿನ ಎಳೆ ಕೇಳಿ, ಅದು 7.5 ಮಿಲಿಮೀಟರ್ ತ್ರಿಜ್ಯದ ತಿರುವು ತಾಳುತ್ತದೆ, ಹಳೆಯ ಜಿ.652ಡಿ ಎಳೆಗೆ 30 ಮಿಲಿಮೀಟರ್ ಬೇಕು.

ಕೆಲಸ ಮುಗಿದ ದಿನ ಪವರ್ ಮೀಟರಿನಲ್ಲಿ ಅಳೆಸಿ, ಅಂಕಿಯನ್ನು ಗೋಡೆಯ ಬಾಕ್ಸಿನ ಮುಚ್ಚಳದ ಒಳಗೆ ದಿನಾಂಕದೊಂದಿಗೆ ಬರೆದಿಡಿ. ಮನೆಯ ಮೋಡೆಮಿಗೆ ಮೈನಸ್ 27 ಡಿಬಿಎಂವರೆಗೆ (ಬೆಳಕಿನ ಬಲದ ಅಳತೆ; ಮೈನಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ) ಬೆಳಕು ಸಾಕು ಎನ್ನುತ್ತಾರೆ, ಆದರೆ ಮೈನಸ್ 25ಕ್ಕಿಂತ ಕೆಳಗಿದ್ದರೆ ಒಪ್ಪಬೇಡಿ. 280 ಮೀಟರ್ ಫೈಬರಿನಲ್ಲಿ ನಷ್ಟ 0.1 ಡಿಬಿಯಷ್ಟೇ, ಹೆಚ್ಚಿನ ನಷ್ಟ ಹಂಚುವ ಸ್ಪ್ಲಿಟರಿನಲ್ಲಿ. ಒಂದನ್ನು ಮೂವತ್ತೆರಡಾಗಿ ಹಂಚಿದರೆ ಸುಮಾರು 17 ಡಿಬಿ ಅಲ್ಲೇ ಹೋಗುತ್ತದೆ. ಆದ್ದರಿಂದ ಮನೆಯ ಅಂಕಿ ಕೆಟ್ಟದಾಗಿದ್ದರೆ ಮೊದಲು ರಸ್ತೆಯ ಬಾಕ್ಸಿನಲ್ಲಿ ಅಳೆಸಿ. ಎರಡರ ನಡುವೆ ಒಂದು ಡಿಬಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ನಿಮ್ಮ ಕೇಬಲಿನಲ್ಲಿದೆ, ಇಲ್ಲದಿದ್ದರೆ ಅವರ ಕಡೆಯಲ್ಲಿ.

ಅಂಕಿಯನ್ನು ಆಮೇಲೂ ಮೋಡೆಮಿನ ಪುಟದಲ್ಲಿ ನೋಡಬಹುದು. ಬಿಸಿಲಿನಲ್ಲಿ ಮೈನಸ್ 20, ಮಳೆಯಲ್ಲಿ ಮೈನಸ್ 24 ಎಂದು ಏರಿಳಿದರೆ ಎಲ್ಲೋ ಕ್ಲ್ಯಾಂಪ್ ಹಿಸುಕುತ್ತಿದೆ ಅಥವಾ ಜಾಯಿಂಟಿಗೆ ನೀರು ಇಳಿದಿದೆ; ಪೂರ್ತಿ ಹೋಗುವ ಮೊದಲೇ ಕರೆಸಿ. ಮೋಡೆಮಿನ ಎಲ್‌ಓಎಸ್ (LOS) ದೀಪ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ, ಕೇಬಲ್ ನೋಡಬೇಕು. ಅದು ಆರಿದ್ದು, ಪಾನ್ (PON) ದೀಪ ಹಸಿರಾಗಿ ನಿಂತಿದ್ದೂ ಇಂಟರ್‌ನೆಟ್ ಇಲ್ಲವೆಂದರೆ ಕೇಬಲಿನ ತಪ್ಪಲ್ಲ, ಕಂಬ ಹತ್ತಿಸಬೇಡಿ. ಮೋಡೆಮಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ಈಗಲೇ ತಂದಿಡಿ. ಮಳೆಗಾಲದಲ್ಲಿ ಎಷ್ಟೋ ಸಲ ಹೋಗಿರುವುದು ಫೈಬರಲ್ಲ, ಕರೆಂಟು.

ಗೇಟಿನಿಂದ ಪಂಚಾಯಿತಿ ಕಂಬದವರೆಗಿನ ತುಣುಕು ನಿಮ್ಮ ಜಾಗವಲ್ಲ. ರಸ್ತೆ ದಾಟುವುದಿದ್ದರೆ ಅನುಮತಿ ತರುವುದು ಸೇವೆ ಕೊಡುವವರ ಹೊಣೆ, ಅದನ್ನು ಅರ್ಜಿಯಲ್ಲೇ ಬರೆಸಿ. ಪಕ್ಕದ ತೋಟದ ಅಂಚು ತಾಗುವುದಿದ್ದರೆ ಬಾಯಿಮಾತು ಸಾಲದು, ಒಂದು ಕಾಗದದ ಮೇಲೆ ಒಪ್ಪಿಗೆ ಪಡೆಯಿರಿ. ತೋಟ ಕೈ ಬದಲಾದ ದಿನ ಆ ಕಾಗದ ಬೇಕಾಗುತ್ತದೆ.

ಅಗೆಯಲು ಒಳ್ಳೆಯ ಕಾಲ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದಿಂದ ನವೆಂಬರ್ ಕೊನೆ, ಡಿಸೆಂಬರಿನ ಹುತ್ತರಿಯವರೆಗೆ. ಮಣ್ಣು ಮೆದು, ಕಾಫಿ ಕೊಯ್ಲಿನ ಗಡಿಬಿಡಿ ಇನ್ನೂ ಪೂರ್ತಿ ಹತ್ತಿರುವುದಿಲ್ಲ, ಮುಂದಿನ ಮಳೆಗೆ ಆರೇಳು ತಿಂಗಳು ಮಣ್ಣು ಕೂರುತ್ತದೆ. ಆದರೂ ಜೆಸಿಬಿ ಏಪ್ರಿಲ್ ಕೊನೆಗೆ ಬರುತ್ತಿರುವಾಗ ಎರಡನೇ ಸಲ ಅಗೆಸಬೇಡಿ, ಅಷ್ಟರೊಳಗೆ ಪೈಪು ತರಿಸಿಡಿ. ತೋಡಿದಷ್ಟನ್ನು ಅದೇ ದಿನ ಮುಚ್ಚಿ. ರಾತ್ರಿ ಗುಡುಗು ಮಳೆ ಬಂದರೆ ತೆರೆದ ಟ್ರೆಂಚಿನ ಗೋಡೆ ಉಳಿಯದು. ಮುಚ್ಚುವ ಮೊದಲು ಪ್ರತಿ 10 ಮೀಟರಿಗೆ ಚರಂಡಿಯ ಅಂಚಿನಿಂದ ಟೇಪು ಹಿಡಿದು ಫೋಟೊ ತೆಗೆಯಿರಿ. ಪೈಪಿನ ಸುತ್ತ ಮೊದಲ ಅರ್ಧ ಅಡಿ ಕಲ್ಲಿಲ್ಲದ ಪುಡಿ ಮಣ್ಣು, ಆಮೇಲೆ ಮುಕ್ಕಾಲು ಅಡಿಗೊಮ್ಮೆ ದಮ್ಮಸು. ರಸ್ತೆ ಇಳಿಜಾರಾದ ಕಡೆ ಹತ್ತು ಮೀಟರಿಗೊಂದು, ಜೇಡಿ ಮಣ್ಣು ತುಂಬಿದ ಎರಡು ಗೋಣಿ ಚೀಲವನ್ನು ಟ್ರೆಂಚಿಗೆ ಅಡ್ಡ ಇಟ್ಟು ತುಂಬಿ, ನೀರು ಒಳಗೊಳಗೇ ಓಡದಂತೆ. ಮೇಲೆ ಮೂರು ಇಂಚು ಉಬ್ಬು ಬಿಡಿ. ಜೂನ್‌ನ ಮೊದಲ ಜೋರು ಮಳೆ ನಿಂತ ಮೇಲೆ ಗೇಟಿನಿಂದ ಗದ್ದೆಯವರೆಗೆ ಒಮ್ಮೆ ನಡೆದು ನೋಡಿ. ಎಲ್ಲಿ ಉಬ್ಬು ಹೋಗಿ ತಗ್ಗು ಬಿದ್ದಿದೆಯೋ ಅಲ್ಲಿಗೆ ಅವತ್ತೇ ನಾಲ್ಕು ಬುಟ್ಟಿ ಮಣ್ಣು ಹಾಕಿಸಿ.